ಮಾವನ ಸ್ಕೇಲು, ನನ್ನ ಬ್ರೌಸರು

ಕಂಪ್ಯೂಟರ್ ಇಟ್ಟುಕೊಂಡವರ ಹತ್ತಿರ ಎರಡು ಮಾತಿಗೆ ಯಾವತ್ತೂ ಬರ ಇಲ್ಲ. ಒಂದು, "ನಿನ್ನೆ ಚೆನ್ನಾಗೇ ಇತ್ತು." ಇನ್ನೊಂದು, "ನಾನೇನೂ ಮುಟ್ಟಿಲ್ಲ." ಹಿರಿಯೂರಿನಲ್ಲಿ ನಾನು ಇಂಟರ್‌ನೆಟ್ ಸೆಂಟರ್ ನಡೆಸುತ್ತಿದ್ದಾಗ ಈ ಎರಡು ಮಾತು ಕಿವಿಗೆ ಬೀಳದ ದಿನ ಇತ್ತು ಅಂದರೆ ಅವತ್ತು ಕರೆಂಟೇ ಇರಲಿಲ್ಲ ಅಂತ ಅರ್ಥ. ದಿನಾ ಒಂದಲ್ಲ ಒಂದು ನಡೀತಾನೇ ಇರ್ತಿತ್ತು, ನಾನು ನಕ್ಕು ಮರೀತಿದ್ದೆ. ಒಂದು ಸಲ ಮಾತ್ರ ನನ್ನ ಬುಡಕ್ಕೇ ಬಂತು. ಅದನ್ನ ಮರೆಯೋಕಾಗಿಲ್ಲ.

ಸೆಂಟರ್ ಅಂದರೆ ಭಾರಿ ಏನಲ್ಲ. ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ನನ್ನ ಮಾವನವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ತಾಲ್ಲೂಕಿನ ಅರ್ಧ ಗುಮಾಸ್ತರ ಬೆರಳು ತಿದ್ದಿದವರು ಅವರು. ತಿದ್ದೋದು ಬಾಯಲ್ಲಲ್ಲ, ಸ್ಕೇಲಲ್ಲಿ. ಒಂದಡಿಯ ತೇಗದ ಸ್ಕೇಲು. ಕೀ ನೋಡಿಕೊಂಡು ಟೈಪ್ ಮಾಡಿದವರ ಗೆಣ್ಣಿನ ಮೇಲೆ ಟಪ್ ಅಂತ ಬೀಳೋದು. ನಾನು ಮದುವೆಯಾಗಿ ಹೊಸದುರ್ಗದಿಂದ ಬಂದ ಮೂರನೇ ದಿನ ನನ್ನನ್ನೂ ಮೆಷಿನ್ ಮುಂದೆ ಕೂರಿಸಿದರು. ಕೈಯ ಮದರಂಗಿ ಮಾಸೋ ಮುಂಚೆ ಗೆಣ್ಣು ಕೆಂಪಾಯ್ತು. ಅತ್ತೆ ಲಟ್ಟಿಸಿದ ಹೋಳಿಗೆ ಮೇಲೂ ಅದೇ ಸ್ಕೇಲಿಟ್ಟು ನೋಡಿ "ಈ ಕಡೆ ಅರ್ಧ ಇಂಚು ಕಮ್ಮಿ ಐತಲ್ಲೇ" ಅನ್ನೋ ಗಂಡಸು ಅವರು. ಅತ್ತೆ ಏನೂ ಅನ್ನುತ್ತಿರಲಿಲ್ಲ, ಮುಂದಿನ ಹೋಳಿಗೇನ ಇನ್ನೂ ಸೊಟ್ಟಗೆ ಲಟ್ಟಿಸುತ್ತಿದ್ದರು.

ಮಾವನ ಇನ್ನೊಂದು ಪಾಠ: "ಟೈಪಿಸ್ಟ್ ಆದೋನು ಅಕ್ಷರ ನೋಡ್ಬೇಕು, ಅರ್ಥ ನೋಡ್ಬಾರ್ದು. ಅರ್ಥ ನೋಡಕ್ಕೆ ಹೋದ್ರೆ ಸ್ಪೀಡ್ ಹೋಗ್ತೈತೆ." ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ಟೈಪಿಂಗ್ ಕಲಿಯೋರು ಕಮ್ಮಿಯಾದರು. ನಾನು ಹಠ ಹಿಡಿದು ಅರ್ಧ ಜಾಗ ಸೆಂಟರಿಗೆ ಅಂತ ಕೇಳಿಕೊಂಡೆ. ಐದು ಟೇಬಲ್ ಸಿಕ್ಕಿತು. ಕದ್ದ ಸಾಫ್ಟ್‌ವೇರ್ ಹಾಕೋಣ ಅಂದಿದ್ದಕ್ಕೆ ಮಾವ "ಕದ್ದ ಮಾಲು ನನ್ನ ಇನ್‌ಸ್ಟಿಟ್ಯೂಟ್‌ನಾಗೆ ಬ್ಯಾಡ" ಅಂದುಬಿಟ್ಟರು. ಕೊಂಡುಕೊಳ್ಳೋಕೆ ನಮಗೆ ಶಕ್ತಿ ಇರಲಿಲ್ಲ. ಹೊಳಲ್ಕೆರೆಯಲ್ಲಿ ಮೇಷ್ಟ್ರಾಗಿದ್ದ ನನ್ನ ಗಂಡ ಒಂದು ಶನಿವಾರ ಊರಿಗೆ ಬರುವಾಗ ಪತ್ರಿಕೆ ಜೊತೆ ಪುಕ್ಕಟೆ ಕೊಡೋ ಲಿನಕ್ಸ್ ಸಿಡಿ ತಂದರು. ಹಾಗಾಗಿ ಲಿನಕ್ಸು. ಮೂಲೆಯಲ್ಲಿ ಒಂದು ದೊಡ್ಡ ಪೆಟ್ಟಿಗೆ, ಅದಕ್ಕೇ ತಗುಲಿ ಹಾಕಿಕೊಂಡ ಐದು ಪರದೆ. ಪೆಟ್ಟಿಗೆಗೆ ನೆಗಡಿಯಾದರೆ ಐದಕ್ಕೂ ಸೀನು.

೧. ಮೂಗಿನ ತನಕ ಒಪ್ಪಿಗೆ

ಆಯುಧಪೂಜೆ ದಿನ ಗಿರಾಕಿ ಬರಲ್ಲ. ಅದಕ್ಕೇ ಆ ಬೆಳಿಗ್ಗೆ ಪೆಟ್ಟಿಗೆಗೆ ಅಪ್‌ಡೇಟ್ ಹಾಕಿದೆ. ನಮ್ಮ ಲೈನಿನ ಸ್ಪೀಡಿಗೆ ಗಂಟೆಗಟ್ಟಲೆ ಬೇಕು. ಶುರು ಮಾಡಿ, ಪರದೆಗೆ ಒಂದು ಚೀಟಿ ಅಂಟಿಸಿ ಅಡಿಗೆಮನೆಗೆ ಹೋದೆ, ಅತ್ತೆ ಕಣಕ ಕಲಸಿಕೊಂಡು ಕಾಯುತ್ತಿದ್ದರು. ಹನ್ನೊಂದು ಗಂಟೆಗೆ ಮಾವ ಪೂಜೆ ಮಾಡಿದರು. ಟೈಪ್‌ರೈಟರಿಗೆ, ಕಂಪ್ಯೂಟರಿಗೆ, ಮೌಸಿಗೆ, ಮೇನ್ ಸ್ವಿಚ್ಚಿಗೆ, ಯುಪಿಎಸ್ ಗುಂಡಿಗೆ, ಎಲ್ಲದಕ್ಕೂ ಕುಂಕುಮ. ಸ್ಕೇಲಿಗಂತೂ ವಿಭೂತಿ, ಕುಂಕುಮ, ಸೇವಂತಿಗೆ ಮೂರೂ. ಬಾಗಿಲಲ್ಲಿ ಬೂದುಗುಂಬಳ ಒಡೆದಾಯ್ತು. ನಾನು ಮಂಗಳಾರತಿ ತಗೊಂಡು ವಾಪಸ್ ಒಲೆ ಮುಂದೆ ಬಂದೆ.

ಮಾರನೇ ದಿನ ವಿಜಯದಶಮಿ. ಬಂದು ನೋಡಿದರೆ ಪೆಟ್ಟಿಗೆ ಆಫ್ ಆಗಿತ್ತು. ಅಪ್‌ಡೇಟ್ ಮುಗಿಸಿ ತಾನೇ ಮಲಗಿದೆ ಅಂದುಕೊಂಡು ಆನ್ ಮಾಡಿದೆ. ಆನ್ ಆಯ್ತು, ಬ್ರೌಸರೂ ತೆರೆದುಕೊಂಡಿತು.

ಮೊದಲ ಗಿರಾಕಿ ಜವನಗೊಂಡನಹಳ್ಳಿಯಿಂದ ಬಂದ ಯಜಮಾನರು. ತಂಗಿ ಮಗಳಿಗೆ ಗಂಡು ನೋಡಿದ್ದರು, ಹುಡುಗನ ಫೋಟೋ ಇ-ಮೇಲಿಗೆ ಬಂದಿತ್ತು. ಆಗಿನ ಫೋಟೋಗಳು ಮೇಲಿಂದ ಕೆಳಕ್ಕೆ ಒಂದೊಂದೇ ಗೆರೆಯಾಗಿ ಇಳೀತಿದ್ದವು. ಕೂದಲು ಬಂತು. ಹಣೆ ಬಂತು. ಕಣ್ಣು ಬಂತು. ಮೂಗು ಅರ್ಧ ಬಂತು, ಬ್ರೌಸರ್ ಫಟ್ ಅಂತ ಮುಚ್ಚಿಕೊಂಡಿತು.

"ಏನಮ್ಮ, ಹುಡುಗ ನಾಚ್ಕೊಂಡ್ನಾ?" ಅಂದರು.

ಮತ್ತೆ ತೆಗೆದೆ. ಕೂದಲು, ಹಣೆ, ಕಣ್ಣು, ಮೂಗು, ಫಟ್. ಟೇಬಲ್ ಬದಲಾಯಿಸಿ ಕೂರಿಸಿದೆ. ಅಲ್ಲೂ ಮೂಗಿನ ತನಕ ಬಂದು ಫಟ್. ಏಳೆಂಟು ಸಲ ಆಯ್ತು. ಯಜಮಾನರಿಗೆ ಧರ್ಮಪುರದ ಬಸ್ಸಿಗೆ ಹೊತ್ತಾಯ್ತು, ಬೀಗರಾಗೋರು ಅಲ್ಲೇ ಕಾಯುತ್ತಿದ್ದರು.

"ಬಿಡಮ್ಮ," ಅಂತ ಟವಲ್ ಹೆಗಲಿಗೆ ಹಾಕಿಕೊಂಡು ಎದ್ದರು. "ಮೂಗಿನ ತನಕ ನಮ್ದು ಒಪ್ಪಿಗೆ ಐತೆ ಅಂತ ಹೇಳ್ಬಿಡ್ತೀನಿ. ಉಳಿದಿದ್ದು ಮದ್ವೆ ದಿನ ನೋಡ್ಕಂಡ್ರಾತು."

೨. ಇಂತಿ ತಮ್ಮ ವಿಧೇಯ

ಎರಡು ದಿನದಲ್ಲಿ ಐದೂ ಪರದೆಯ ಕಥೆ ಅದೇ ಆಯ್ತು. ಬಂದವರು ಬಂದ ಹಾಗೇ ಎದ್ದು ಹೋಗುತ್ತಿದ್ದರು. ಮಾವ ತಮ್ಮ ಕುರ್ಚಿಯಿಂದಲೇ ಎಲ್ಲ ನೋಡುತ್ತಿದ್ದರು. ಮೂರನೇ ದಿನ ಕರೆದರು.

"ನೋಡಮ್ಮ, ನನ್ನ ಮೆಷಿನ್‌ಗಳು ಒಂದು ದಿನಾನೂ ಹಿಂಗ್ ಮಾಡಿಲ್ಲ. ದೀಪಾವಳಿ ತನಕ ಟೈಮ್ ಕೊಡ್ತೀನಿ. ನೀರು ತುಂಬೋ ಹಬ್ಬದೊಳ್ಗೆ ಸರಿಹೋಗ್ಲಿಲ್ಲ ಅಂದ್ರೆ ಆ ಐದು ಟೇಬಲ್ ಮ್ಯಾಲೆ ಟೈಪ್‌ರೈಟರ್ ವಾಪಸ್ ಬರ್ತವೆ. ನೀನು ಅಡ್ಗೆಮನೆ ನೋಡ್ಕಂಡಿರು."

ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಆ ಐದು ಟೇಬಲ್ಲೇ. ಗಂಡನಿಗೆ ಫೋನ್ ಮಾಡಿ ಗೋಳಾಡಿದೆ. "ನೀನು ಹೇಳೋದೂ ಸರಿ, ಅಪ್ಪ ಹೇಳೋದೂ ಸರಿ" ಅಂದರು. ಹೊಳಲ್ಕೆರೆಯಲ್ಲಿ ಅವರು ಹೇಳಿಕೊಡುತ್ತಿದ್ದದ್ದು ಗಣಿತ, ಲೆಕ್ಕ ಹೇಗೆ ಬಿಡಿಸುತ್ತಿದ್ದರೋ ದೇವರೇ ಬಲ್ಲ.

ಬ್ರೌಸರ್ ಸತ್ತಾಗ ಒಂದು ಸಣ್ಣ ಕಿಟಕಿ ಬರುತ್ತಿತ್ತು. ತೊಂದರೆಯಾಯ್ತು, ಆಗ ನೀವು ಏನು ಮಾಡುತ್ತಿದ್ದಿರಿ ಬರೆದು ತಿಳಿಸಿ ಅಂತ ಅದರ ತಾತ್ಪರ್ಯ. ಯಾರೂ ಬರೆಯಲ್ಲ. ಆದರೆ ನಮ್ಮಲ್ಲಿ ದಿನಾ ಪೇಪರ್ ಓದೋಕೆ ಬರುತ್ತಿದ್ದ ಒಬ್ಬರು ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತರಾಗಿ ರಿಟೈರ್ ಆದವರು. ಮಾವನ ಶಿಷ್ಯರೇ. ಕೇಳಿದ ಮೇಲೆ ಬರೆಯದೇ ಇರೋದು ಅವರ ರಕ್ತದಲ್ಲೇ ಇಲ್ಲ.

ಕೂತರು. ಕೀಲಿಮಣೆ ನೋಡದೆ ಮುಕ್ಕಾಲು ಗಂಟೆ ಟೈಪ್ ಮಾಡಿದರು. ನಾನು ಹಿಂದಿನಿಂದ ಇಣುಕಿದೆ. ಮಾನ್ಯರೇ ಅಂತ ಶುರು. ವಿಷಯ: ತಮ್ಮ ಬ್ರೌಸರ್ ಪದೇ ಪದೇ ಮುಚ್ಚಿಕೊಳ್ಳುತ್ತಿರುವ ಬಗ್ಗೆ. ಉಲ್ಲೇಖ: ಇದೇ ದಿನ ಬೆಳಿಗ್ಗೆ ಎರಡು ಬಾರಿ ಮುಚ್ಚಿಕೊಂಡದ್ದು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ ಅಂತ ಮೂರು ಪ್ಯಾರಾ. ಕೊನೆಗೆ ಇಂತಿ ತಮ್ಮ ವಿಧೇಯ. ಅದರ ಕೆಳಗೆ, ಪ್ರತಿಗಳು: ಒಂದು, ಕಚೇರಿ ಕಡತಕ್ಕೆ.

ಕಳಿಸು ಅನ್ನೋ ಗುಂಡಿ ಒತ್ತಿದರು. ಆ ಸಣ್ಣ ಕಿಟಕಿಯೂ ಫಟ್ ಅಂತ ಮುಚ್ಚಿಕೊಂಡಿತು.

ನಾನು ಪಾಪ ಅಂದುಕೊಂಡರೆ, ಅವರ ಮುಖದಲ್ಲಿ ಏನೋ ಸಮಾಧಾನ. "ಅರ್ಜಿ ಇಸ್ಕಂಡು ಸ್ವೀಕೃತಿ ಕೊಡ್ದೆ ಬಾಗ್ಲು ಹಾಕ್ಕಂಡ್ರು ನೋಡಮ್ಮ," ಅಂದರು. "ಒಳಗೆ ಜನ ಅದಾರೆ ಅಂತ ಆತು. ನಮ್ಮ ಆಫೀಸಿನಾಗೂ ಹಿಂಗೇ ಮಾಡ್ತಿದ್ವಿ."

೩. ಚಟ್ನಿಗಾಗೋಷ್ಟು

ಯಾರನ್ನಾದರೂ ಬೈಯಬೇಕಿತ್ತು. ಧರ್ಮಪುರದ ಕಡೆಯಿಂದ ಬರೋ ಹುಡುಗರು ಶೇಂಗಾ ತಿಂತಾ ಕೂರುತ್ತಿದ್ದರು. ಸಿಪ್ಪೆ ಒಳಗೆ ಹೋಗಿ ತಾನೇ ಯಾವುದೋ ಕೀ ಒತ್ತಿಕೊಳ್ಳುತ್ತಿದೆ, ಅದಕ್ಕೇ ಬ್ರೌಸರ್ ಸಾಯುತ್ತಿದೆ ಅಂತ ನನ್ನ ತಲೆಗೆ ಬಂತು. ಬಾಗಿಲಿಗೆ "ಶೇಂಗಾ ತಿನ್ನಬಾರದು" ಅಂತ ಬೋರ್ಡು ಬರೆದು ಹಾಕಿದೆ. ಐದೂ ಕೀಬೋರ್ಡನ್ನು ಮೊರದ ಮೇಲೆ ಬೋರಲು ಹಾಕಿ ಬಡಿದೆ.

ಸಿಪ್ಪೆ ಬಿತ್ತು. ಕಾಳೂ ಬಿತ್ತು. ಎರಡು ಗುಂಡುಪಿನ್ನು, ಒಂದು ಹಲ್ಲುಕಡ್ಡಿ, ಯಾರದೋ ಕಿವಿಯ ಹತ್ತಿ. ಅತ್ತೆ ಬಂದು ನಿಂತರು. ಮೊರ ಎತ್ತಿಕೊಂಡು ಎರಡು ಸಲ ಕೇರಿದರು, ಸಿಪ್ಪೆ ಹಾರಿಹೋಯ್ತು, ಕಾಳು ಉಳೀತು.

ಬ್ರೌಸರ್ ಮತ್ತೆ ಫಟ್ ಅಂತು. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಅತ್ತೆ ಮೊರ ನೋಡುತ್ತಾ, "ಬೋರ್ಡ್ ತೆಗ್ಸೇ," ಅಂದರು. "ಇನ್ನೊಂದು ತಿಂಗ್ಳು ತಿಂದ್ರೆ ಚಟ್ನಿಗಾಗೋಷ್ಟು ಆಗ್ತೈತೆ."

೪. ಹಳೇ ಶಿಷ್ಯನ ಕೆನ್ನೆ

ಮಾವನಿಗೆ ಅವರದೇ ಒಂದು ಸಿದ್ಧಾಂತ ಹುಟ್ಟಿತು. "ಒಬ್ರಿಗೂ ಬೆರಳು ನೆಟ್ಟಗಿಲ್ಲ. ಎರಡು ಬೆರಳ್ನಾಗೆ ಕುಟ್ಟಿದ್ರೆ ಯಾವ ಮೆಷಿನ್ ತಡೀತೈತೆ? ಸರೀರಿ, ನಾನು ಕುಂತ್ಕಂತೀನಿ."

ಕೂತರು. ಬೆನ್ನು ನೆಟ್ಟಗೆ, ಕಣ್ಣು ಸೂರಿನ ಕಡೆ, ಹತ್ತೂ ಬೆರಳು ಕೀಲಿಮಣೆಯ ನಡುಸಾಲಿನ ಮೇಲೆ. ಪಕ್ಕದ ಟೇಬಲ್ಲಿನಲ್ಲಿ ಅವರ ಹಳೇ ಶಿಷ್ಯನೊಬ್ಬ ಕೂತಿದ್ದ. ಈಗ ಚಿತ್ರದುರ್ಗದಲ್ಲಿ ಯಾವುದೋ ಆಫೀಸಿನಲ್ಲಿ ಸೂಪರಿಂಟೆಂಡೆಂಟು, ಮೈಮೇಲೆ ಸಫಾರಿ, ಕೈಕೆಳಗೆ ಹತ್ತು ಜನ. ಎರಡು ಬೆರಳಲ್ಲಿ ಕುಟ್ಟುತ್ತಾ ಕೂತಿದ್ದ.

ಮಾವ ಬ್ರೌಸರಿನಲ್ಲಿ ಒಂದು ವೆಬ್‌ಸೈಟಿನ ವಿಳಾಸ ಟೈಪ್ ಮಾಡಿದರು. ಏನು ವೇಗ, ಏನು ತಾಳ! ಸಾಲು ಮುಗೀತು. ಟೈಪ್‌ರೈಟರಿನಲ್ಲಿ ಸಾಲು ಮುಗಿದರೆ ಹಾಳೆ ಸುತ್ತಿಕೊಂಡ ಕ್ಯಾರೇಜನ್ನು ಎಡಗೈಯಿಂದ ಪಕ್ಕಕ್ಕೆ ಜೋರಾಗಿ ತಳ್ಳಬೇಕಲ್ಲ. ಆ ಕೈಗೆ ಇದು ಕಂಪ್ಯೂಟರು ಅಂತ ಯಾರು ಹೇಳಬೇಕು? ಎಡಗೈ ಎತ್ತಿ ಬೀಸಿದರು. ಕ್ಯಾರೇಜ್ ಇರಲಿಲ್ಲ. ಸೂಪರಿಂಟೆಂಡೆಂಟನ ಕೆನ್ನೆ ಇತ್ತು. ಛಟೀರ್ ಅಂತ ಇಡೀ ಕೋಣೆಗೆ ಕೇಳಿಸಿತು.

ಪೊಲೀಸ್ ಕಂಪ್ಲೇಂಟ್ ಆಗುತ್ತೆ, ಟೇಬಲ್ ಹೋದ ಹಾಗೇ ಅಂದುಕೊಂಡೆ. ಅಷ್ಟು ದೊಡ್ಡ ಅಧಿಕಾರಿ ಎದ್ದು ನಿಂತ. ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ತಪ್ಪಾತು ಸಾರ್," ಅಂದ. "ಇನ್ಮ್ಯಾಲೆ ಕೀ ನೋಡಲ್ಲ ಸಾರ್."

೫. ದುರ್ಗದ ಪಂಡಿತರು

ಚಿತ್ರದುರ್ಗದ ಕಾಲೇಜೊಂದರಲ್ಲಿ ಒಬ್ಬ ಮೇಷ್ಟ್ರಿದ್ದಾರೆ, ಲಿನಕ್ಸ್ ಅಂದರೆ ಪ್ರಾಣ ಬಿಡ್ತಾರೆ ಅಂತ ಗಂಡ ಹೇಳಿದ್ದರು. ಬಸ್ ಹತ್ತಿದೆ. ಮೇಷ್ಟ್ರು ಒಳ್ಳೇವರು, ಕುರ್ಚಿ ಕೊಟ್ಟು ಕೂರಿಸಿ, ಮೊದಲು ಲಿನಕ್ಸ್ ಹುಟ್ಟಿದ ಕಥೆ ಹೇಳಿದರು. ಒಂದು ಗಂಟೆ ಆಯ್ತು. ಆಮೇಲೆ ಬೆಳೆದ ಕಥೆ.

"ಸಾರ್, ನನ್ನ ಬ್ರೌಸರ್ ಸಾಯ್ತಾ ಇದೆ" ಅಂದೆ.

"ಓ, ಅದಾ! ಬಹಳ ಸುಲಭ. ಎಲ್ಲ ಇದ್ರಾಗೈತೆ, ನೋಡ್ಕಳ್ರಿ," ಅಂತ ಚೀಟಿಯಲ್ಲಿ ಒಂದು ವೆಬ್‌ಸೈಟಿನ ವಿಳಾಸ ಬರೆದುಕೊಟ್ಟರು.

"ಬ್ರೌಸರ್ರೇ ಇಲ್ಲವಲ್ಲ, ಯಾವುದರಲ್ಲಿ ನೋಡ್ಕೊಳ್ಳಲಿ?"

ಮೇಷ್ಟ್ರು ಗಲ್ಲ ಕೆರೆದುಕೊಂಡರು. ತಮ್ಮ ಕಂಪ್ಯೂಟರಿನಲ್ಲೇ ತೋರಿಸೋಣ ಅಂದರೆ ಕಾಲೇಜಿನ ಲೈನು ಅವತ್ತು ಸತ್ತಿತ್ತು. "ಒಂದು ಕೆಲ್ಸ ಮಾಡ್ರಿ," ಅಂದರು, "ನಿಮ್ ತೊಂದ್ರೆ ಏನೂಂತ ನಂಗೊಂದು ಇ-ಮೇಲ್ ಹಾಕ್ರಿ."

ಹಿರಿಯೂರಿನಲ್ಲಿ ಬೇರೆ ಸೆಂಟರಿಗೆ ಹೋಗಿ ಕೂತರೆ ಮಾನ ಹೋಗುತ್ತೆ. ತವರಿಗೆ ಹೋಗಿ ಬರ್ತೀನಿ ಅಂತ ಅತ್ತೆಗೆ ಹೇಳಿ ಹೊಸದುರ್ಗಕ್ಕೆ ಹೋದೆ. ಅಲ್ಲಿಯ ಸೆಂಟರಿನಲ್ಲಿ ಕೂತು ಚೀಟಿ ತೆಗೆಯೋಷ್ಟರಲ್ಲಿ ಪರದೆ ತುಂಬ ಇಪ್ಪತ್ತು ಕಿಟಕಿ ತಾವಾಗೇ ತೆರೆದುಕೊಂಡವು. ಎಲ್ಲ ವೈರಸ್ಸು. ಕೈ ಸುಮ್ಮನಿರಲಿಲ್ಲ. ಒಂದೊಂದೇ ಮುಚ್ಚಿ, ಹುಡುಕಿ, ಕಿತ್ತು ಹಾಕಿದೆ. ಮಾಲೀಕ ಬೆನ್ನ ಹಿಂದೆ ಬಂದು ನಿಂತಿದ್ದ.

"ಅಕ್ಕಾ, ಆ ಪಕ್ಕದ್ದೂ ಒಂಚೂರು ನೋಡ್ರಿ."

ನೋಡಿದೆ. ಅದರ ಪಕ್ಕದ್ದೂ ನೋಡಿದೆ. ಮೂರೂ ಸರಿಹೋದವು. ಅವನಿಗೆ ಖುಷಿಯೋ ಖುಷಿ. "ಎಷ್ಟು ಚೆನ್ನಾಗಿ ಮಾಡ್ತೀರಕ್ಕ! ಎಲ್ಲಿ ಕಲ್ತ್ರಿ? ಕುಂತ್ಕಳ್ರಿ, ಈಗ ಎಷ್ಟೊತ್ತು ಬೇಕಾದ್ರೂ ನೋಡ್ಕಳ್ರಿ, ಪುಕ್ಸಟ್ಟೆ," ಅಂದ.

ಚೀಟಿ ಬಿಚ್ಚಿದೆ. ಮೊದಲ ನಾಲ್ಕು ಅಕ್ಷರ ಟೈಪ್ ಮಾಡಿದೆ. ಕರೆಂಟ್ ಹೋಯಿತು. ಕೊನೇ ಬಸ್ಸಿನ ಹೊತ್ತಿನ ತನಕ ಕಾದೆ, ಬರಲಿಲ್ಲ. ಮನೆಗೆ ಬಂದರೆ ಮಾವ ಕೇಳಿದರು, "ತವರ್ನಾಗೆ ಎಲ್ರೂ ಸೌಖ್ಯನಾ?"

ಆಗ ನೆನಪಾಯ್ತು, ನಾನು ತವರಿಗೆ ಹೋಗೇ ಇರಲಿಲ್ಲ.

೬. ದೊಡ್ಡವರ ಆಶೀರ್ವಾದ

ಹಬ್ಬಕ್ಕೆ ನಾಲ್ಕು ದಿನ ಉಳಿದಿತ್ತು. ದುರ್ಗದ ಮೇಷ್ಟ್ರು ಫೋನಿನಲ್ಲಿ ಒಂದು ಉಪಾಯ ಹೇಳಿದರು. ಬ್ರೌಸರ್ ಹಳೇದನ್ನೆಲ್ಲ ಒಂದು ಗುಪ್ತ ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತೆ, ಅದನ್ನು ಅಳಿಸಿದರೆ ಹೊಸದಾಗಿ ಹುಟ್ಟುತ್ತೆ ಅಂತ. ಅಳಿಸಿದೆ. ಐದೂ ಟೇಬಲ್ಲಿನ ಬುಕ್‌ಮಾರ್ಕ್, ಪಾಸ್‌ವರ್ಡ್, ಯಾರು ಯಾವಾಗ ಏನೇನು ನೋಡಿದರು ಅನ್ನೋ ಹಿಸ್ಟರಿ, ಎಲ್ಲ ಹೋಯ್ತು. ಬ್ರೌಸರ್ ಮಾತ್ರ ಹಳೇ ಚಾಳಿ ಬಿಡಲಿಲ್ಲ.

ಗಿರಾಕಿಗಳು ಬೈಯುತ್ತಾರೆ ಅಂತ ಬಾಗಿಲಿಗೆ ಕ್ಷಮಾಪಣೆ ಬರೆದು ಅಂಟಿಸಿದೆ. ಅವತ್ತು ಸಂಜೆ ಊರಿನ ಭಾರಿ ಗಣ್ಯರೊಬ್ಬರು ಬಂದರು. ಎಲ್ಲ ಸಭೆಯಲ್ಲೂ ಯುವಕರಿಗೆ ನೀತಿ ಹೇಳೋರು, ನಮ್ಮಲ್ಲಿ ಯಾವಾಗಲೂ ಮೂಲೆಯ ಪರದೆಯೇ ಬೇಕು ಅನ್ನೋರು.

"ಹಿಸ್ಟರಿ ಹೋತಂತಲ್ಲಮ್ಮ?"

"ಹೌದು, ಕ್ಷಮಿಸಿ."

"ಪೂರ್ತಿ?"

"ಪೂರ್ತಿ."

"ಮೂಲೇದೂ?"

"ಮೂಲೇದೂ."

"ವಾಪಸ್ ಬರ್ಸಕ್ಕೆ ಆಗಲ್ವಾ? ಯಾರೇ ಬಂದ್ರೂ?"

"ಬ್ರಹ್ಮ ಬಂದರೂ ಆಗಲ್ಲ."

ಅವರ ಮುಖ ಅರಳಿತು. ತಲೆ ಮೇಲೆ ಕೈಯಿಟ್ಟು ನೂರು ಕಾಲ ಬಾಳು ಅಂದರು. ಮಾರನೇ ದಿನದೊಳಗೆ ಮೈಸೂರುಪಾಕಿನ ಮೂರು ಪೊಟ್ಟಣ ಬಂದವು. ಮೂರೂ ಬೇರೆ ಬೇರೆ ಮನೆಯಿಂದ.

೭. ಹನ್ನೊಂದು ಇಪ್ಪತ್ತು

ನೀರು ತುಂಬೋ ಹಬ್ಬದ ಬೆಳಿಗ್ಗೆ. ಅತ್ತೆ ಹುಣಸೆಹಣ್ಣು ಹಾಕಿ ಹಂಡೆ ಉಜ್ಜುತ್ತಿದ್ದರು. ಶಾಲೆಗೆ ರಜ ಸಿಕ್ಕಿ ಬಂದಿದ್ದ ಗಂಡ, ಮಾವನ ಜೊತೆ ಕೈಜೋಡಿಸಿ ಹಿಂದಿನ ಕೋಣೆಯಿಂದ ಟೈಪ್‌ರೈಟರ್‌ಗಳನ್ನು ಒಂದೊಂದಾಗಿ ಹೊರಗೆ ತಂದಿಡುತ್ತಿದ್ದರು. ನನಗೆ ಮುಖ ತೋರಿಸುತ್ತಿರಲಿಲ್ಲ. ನನಗೆ ಅಳು ಬಂತು, ಅಳುಗಿಂತ ಜಾಸ್ತಿ ಸಿಟ್ಟು ಬಂತು.

ಹೋಗೋದೇ ಆದರೆ ಇದನ್ನೂ ಕೊಂದೇ ಹೋಗ್ತೀನಿ, ಬ್ರೌಸರನ್ನ ಬೇರುಸಮೇತ ಕಿತ್ತು ಹಾಕ್ತೀನಿ ಅಂತ ಪೆಟ್ಟಿಗೆ ಮುಂದೆ ಕೂತೆ. ಇಷ್ಟು ದಿನ ಅದಕ್ಕೆ ಕೈ ಹಾಕಿರಲಿಲ್ಲ. ಕಿತ್ತಮೇಲೆ ಮತ್ತೆ ಹಾಕೋಕೆ ಬರದಿದ್ದರೆ ಅನ್ನೋ ಭಯ, ಅಪ್‌ಡೇಟ್ ತಂಟೆಗಂತೂ ಆಮೇಲೆ ಹೋಗೇ ಇರಲಿಲ್ಲ. ಆಜ್ಞೆ ಟೈಪ್ ಮಾಡೋ ಕಪ್ಪು ಪರದೆ ತೆರೆದು, ಬ್ರೌಸರ್ ಕಿತ್ತು ಹಾಕು ಅಂತ ಆಜ್ಞೆ ಕೊಟ್ಟೆ.

ಪೆಟ್ಟಿಗೆ ಕೀಳಲಿಲ್ಲ. ಒಂದು ಸಾಲು ಬರೆಯಿತು. ಹಿಂದಿನ ಸಲದ ಕೆಲಸವನ್ನು ಮಧ್ಯದಲ್ಲೇ ನಿಲ್ಲಿಸಿದ್ದೀರಿ, ಮೊದಲು ಅದನ್ನು ಮುಗಿಸಿ ಅಂತ.

ಅಪ್‌ಡೇಟಿನ ದಾಖಲೆ ತೆಗೆದು ನೋಡಿದೆ. ಯಾವ ತುಂಡು ಎಷ್ಟು ಗಂಟೆಗೆ ಕೂತಿತು ಅಂತ ಸಾಲುಸಾಲಾಗಿ ಇತ್ತು. ಆಯುಧಪೂಜೆ ದಿನ, ಹನ್ನೊಂದು ಇಪ್ಪತ್ತರ ತನಕ ಇತ್ತು. ಆಮೇಲೆ ಏನೂ ಇಲ್ಲ. ಬ್ರೌಸರ್ ಅರ್ಧ ಹೊಸದು, ಅರ್ಧ ಹಳೇದು. ಇಪ್ಪತ್ತು ದಿನದಿಂದ ಅರ್ಧ ಮುಖ ಇಟ್ಟುಕೊಂಡು ಒದ್ದಾಡುತ್ತಿತ್ತು, ಪಾಪ.

"ಟೇಬಲ್ ಖಾಲಿ ಮಾಡಮ್ಮ," ಅಂದರು ಮಾವ, ಟೈಪ್‌ರೈಟರ್ ಎದೆಗವಚಿಕೊಂಡು.

"ಮಾವ, ಒಂದು ಪ್ರಶ್ನೆ. ಪರೀಕ್ಷೆ ಹಾಲಿನಲ್ಲಿ ಹುಡುಗ ಟೈಪ್ ಮಾಡ್ತಾ ಇದಾನೆ. ಅರ್ಧ ಸಾಲಿಗೆ ಬಂದಿರುವಾಗ ಯಾರೋ ಬಂದು ಹಾಳೆ ಕಿತ್ಕೊಂಡು ಹೋದರು. ಹುಡುಗ ಫೇಲಾ?"

ಮಾವನಿಗೆ ರೇಗಿತು. "ಹುಡುಗಂದೇನು ತಪ್ಪು? ಹಾಳೆ ಕಿತ್ತೋನ್ ಗೆಣ್ಣು ಮುರೀಬೇಕು!"

"ನನ್ನ ಬ್ರೌಸರಿಗೂ ಅದೇ ಆಗಿರೋದು. ಅಪ್‌ಡೇಟ್ ಅರ್ಧ ಆಗಿದ್ದಾಗ ಯಾರೋ ಪೆಟ್ಟಿಗೆ ಆಫ್ ಮಾಡಿದಾರೆ."

"ಯಾವನವ್ನು? ನನ್ನ ಇನ್‌ಸ್ಟಿಟ್ಯೂಟ್‌ನಾಗೆ ನಾನಿರುವಾಗ ಮೆಷಿನ್ ಮುಟ್ಟೋ ಅಷ್ಟು ಕೊಬ್ಬು ಯಾವನಿಗೈತೆ? ಯಾವತ್ತು?"

"ಆಯುಧಪೂಜೆ ದಿನ. ಹನ್ನೊಂದು ಇಪ್ಪತ್ತಕ್ಕೆ."

ಟೈಪ್‌ರೈಟರನ್ನು ಮಾವ ನಿಧಾನಕ್ಕೆ ಕೆಳಗಿಟ್ಟರು. ಗೋಡೆಯ ಮೇನ್ ಸ್ವಿಚ್ಚಿನ ಕಡೆ ನೋಡಿದರು. ನಾನೂ ನೋಡಿದೆ. ಸ್ವಿಚ್ಚಿನ ಹಿಡಿಯ ಮೇಲೆ ಪೂಜೆಯ ಬೊಟ್ಟಿತ್ತು. ಬೊಟ್ಟಿನ ಪಕ್ಕ ಇಡೀ ನಾಲ್ಕು ಬೆರಳಿನ ಕುಂಕುಮದ ಅಚ್ಚು. ಇಪ್ಪತ್ತು ದಿನದಿಂದ ನಾನು ಅದನ್ನು ನೋಡುತ್ತಲೇ ಇದ್ದೆ, ಭಕ್ತಿ ಜಾಸ್ತಿಯಾಗಿದೆ ಅಂದುಕೊಂಡಿದ್ದೆ.

"ಕುಂಕುಮ ಹಚ್ಚಿದ ಆಯುಧ ಅವತ್ತು ಕೆಲ್ಸ ಮಾಡ್ಬಾರ್ದು," ಅಂದರು ಮಾವ, ಸಣ್ಣ ದನಿಯಲ್ಲಿ. "ನನ್ನ ಮೆಷಿನ್‌ಗಳಿಗೆಲ್ಲ ಬಟ್ಟೆ ಹೊದ್ಸಿ ಮಲಗ್ಸಿದೆ. ನಿನ್ ಪೆಟ್ಗೆ ಒಂದೇ ಗುಂಯ್ ಅಂತಿತ್ತು. ಪಾಪ, ಇದಕ್ಕೂ ಒಂದಿನ ರಜ ಬ್ಯಾಡ್ವಾ ಅಂತ ಮೇನ್ ಆಫ್ ಮಾಡ್ದೆ, ಬೆಳಿಗ್ಗೆದ್ದು ನಾನೇ ಹಾಕ್ದೆ. ಆಮ್ಯಾಲೂ ಆ ಬ್ಯಾಟ್ರಿ ಡಬ್ಬ ಕುಂಯ್ ಕುಂಯ್ ಅಂತ ಅಳ್ತಾ ಇತ್ತು. ಅದ್ನೂ ಅದುಮಿ ಮಲಗ್ಸಿದೆ."

"ಪರದೆ ಮೇಲೆ ಚೀಟಿ ಇತ್ತಲ್ಲ ಮಾವ, ಅಪ್‌ಡೇಟ್ ಆಗ್ತಿದೆ, ಆಫ್ ಮಾಡಬೇಡಿ ಅಂತ ನಾನೇ ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿ ಅಂಟಿಸಿದ್ದೆ. ಓದಲಿಲ್ಲವಾ?"

"ಓದ್ದೆ," ಅಂದರು. "ಒಂದು ತಪ್ಪೂ ಇರ್ಲಿಲ್ಲ."

ನಾನು ಪೆಟ್ಟಿಗೆ ಕಡೆ ತಿರುಗಿ, ಕೀ ನೋಡದೆ, ಉಳಿದ ಕೆಲಸ ಮುಗಿಸು ಅಂತ ಒಂದೇ ಸಾಲು ಟೈಪ್ ಮಾಡಿದೆ. ನಾಲ್ಕೂ ಜನ ಅದರ ಮುಂದೆ ನಿಂತೆವು, ಅತ್ತೆ ಕೈಯಲ್ಲಿ ಹುಣಸೆಹಣ್ಣು ಹಾಗೇ ಇತ್ತು. ಅರ್ಧ ಗಂಟೆ ಸಾಲುಗಳು ಹರಿದವು. ನಿಂತವು. ಬ್ರೌಸರ್ ತೆಗೆದೆ. ಒಂದು ಪುಟ, ಹತ್ತು ಪುಟ, ದೊಡ್ಡ ದೊಡ್ಡ ಫೋಟೋ, ಐದೂ ಪರದೆಯಲ್ಲಿ. ಹಣೆ ಬಂತು, ಮೂಗು ಬಂತು, ಗಲ್ಲವೂ ಬಂತು. ಫಟ್ ಅನ್ನಲೇ ಇಲ್ಲ. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಗಂಡ ಯಾರೂ ಹೇಳದೆಯೇ ಟೈಪ್‌ರೈಟರ್‌ಗಳನ್ನು ಒಳಗೆ ಹೊರತೊಡಗಿದರು.

ಮಾವ ತಮ್ಮ ಕುರ್ಚಿಗೆ ಹೋದರು. ಮೇಜಿನ ಖಾನೆಯಿಂದ ಸ್ಕೇಲ್ ತೆಗೆದರು. ಅದರ ಮೇಲೂ ಪೂಜೆಯ ಕುಂಕುಮ ಹಾಗೇ ಇತ್ತು. ಬಂದು ನನ್ನ ಕೈಗೆ ಕೊಟ್ಟು, ತಮ್ಮ ಬಲಗೈಯನ್ನು ಗೆಣ್ಣು ಮೇಲೆ ಮಾಡಿ ಚಾಚಿ ನಿಂತರು, ಸಾವಿರಾರು ಶಿಷ್ಯರು ಅವರ ಮುಂದೆ ನಿಂತಿದ್ದ ಹಾಗೇ.

"ನಿಯಮ ಅಂದ್ರೆ ನಿಯಮ," ಅಂದರು. "ಹೊಡಿಯಮ್ಮ."

ಮಾವನ ಕೈ ಅದು. ಸಿಟ್ಟೆಲ್ಲ ಎಲ್ಲಿ ಹೋಯಿತೋ, ಸ್ಕೇಲ್ ಎತ್ತೋಕೇ ಆಗಲಿಲ್ಲ. ಸುಮ್ಮನೆ ಹಿಡಿದುಕೊಂಡು ನಿಂತೆ.

ಅತ್ತೆ ಹುಣಸೆಹಣ್ಣು ಕೆಳಗಿಟ್ಟರು. ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಬಂದರು.

"ನಿನ್ಗೆ ಕೈ ಬರ್ದಿದ್ರೆ ಇತ್ಲಾಗ್ ಕೊಡೇ," ಅಂದರು. "ನಾನು ನಲವತ್ತು ವರ್ಷದಿಂದ ಕಾಯ್ತಾ ಇದೀನಿ."